ಎಡ ಚಕ್ರದ ಸ್ಪ್ರಿಂಗು

ಹರಿಹರ
11-2-2024

ಗೆಳೆಯ ಹಾಲಸ್ವಾಮಿಗೆ ಹಯಾತ್ ಸಾಬ್ ಮಾಡುವ ಸಲಾಮು.

ನಾವು ಇಲ್ಲಿ ಕ್ಷೇಮ. ನೀನೂ ಮೀನಾಕ್ಷಿಯೂ ಚೆನ್ನಾಗಿದ್ದೀರೆಂದು ನಿಂಗರಾಜನಿಂದ ತಿಳಿಯಿತು. ಎಂಟು ತಿಂಗಳಿಂದ ಒಂದು ಮಾತೂ ಆಡದೆ ಇದ್ದೇನೆ, ತಪ್ಪು ತಿಳಿಯಬೇಡ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ. ನೀನು ತಪ್ಪು ತಿಳಿದರೂ ಈಗ ನನಗೇನೂ ಆಗಬೇಕಾದ್ದಿಲ್ಲ. ಫೋನ್ ಮಾಡಲೆಂದು ಎರಡು ಸಲ ಕೂತೆ. ನಿನ್ನ ದನಿ ಕೇಳಿದರೆ ಬೈದು ಇಟ್ಟುಬಿಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ.

ಮೊನ್ನೆ ಗುರುವಾರ ನಿಂಗರಾಜ ಆಟೋ ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದ. ಸಾಹುಕಾರರು ಅವನನ್ನು ಡ್ರೈವರ್ ಕೆಲಸದಿಂದ ಬಿಡಿಸಿದ ಮೇಲೆ ಬಾಡಿಗೆ ಆಟೋ ಓಡಿಸುತ್ತಿದ್ದಾನೆ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಹೇಳಿದ: "ಸಾಬ್ರೆ, ಹಾಲಸ್ವಾಮಣ್ಣ ವಿನೋಬನಗರದಾಗೆ ಹೊಸ ಅಂಗಡಿ ಹಾಕ್ಯಾರೆ. ಆ ಬಣ್ಣದ ತಗಡು ಅದಾವಲ್ರಿ, ಅವನ್ನ ಇಸ್ಕಂಡು ಬಾ ಅಂದ್ರು. ಬೈಬ್ಯಾಡ್ರಿ ನನ್ನ."

ಅವನನ್ನು ಯಾಕೆ ಬೈಯಲಿ? ಕೇಳುವ ಧೈರ್ಯವೂ ನಿನಗಿಲ್ಲದೆ ಅವನನ್ನು ಕಳಿಸಿದೆಯಲ್ಲ, ಅದಕ್ಕೆ ನಗು ಬಂತು.

ಆ ತಗಡುಗಳನ್ನು ಮಾಡಲು ನಮಗೆ ಹನ್ನೊಂದು ವರ್ಷ ಹಿಡಿಯಿತು. ಕಾರ್ಖಾನೆ ಬಿಟ್ಟು ಬಂದಾಗ ನನಗೆ ಗೊತ್ತಿದ್ದದ್ದು ಲೇಪನದ ತೊಟ್ಟಿ ಒಂದೇ, ನಿನಗೆ ಗೊತ್ತಿದ್ದದ್ದು ತಪ್ಪು ಹುಡುಕುವುದು ಒಂದೇ. ಎರಡನ್ನೂ ಸೇರಿಸಿ ಶೆಡ್ಡು ಹಾಕಿದೆವು. ಹಳೇ ಕಾರುಗಳ ಬ್ರೇಕಿನ ಸಾಮಾನು ತುಕ್ಕು ಹಿಡಿದು ಬರುತ್ತಿತ್ತು, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಿಕೊಡುತ್ತಿದ್ದೆವು. ನಾನು ಫಳಫಳ ಹೊಳೆಸಿ ತಂದರೆ ನೀನು ಒಪ್ಪುತ್ತಿರಲಿಲ್ಲ. "ಜಾಸ್ತಿ ಹೊಳೀತೈತೆ ಸಾಬಣ್ಣ. ಆಗಿನ ಕಾಲದೋರು ಇಷ್ಟು ಹೊಳಪು ಕೊಡ್ತಿರಲಿಲ್ಲ. ತೆಗಿ, ಮತ್ತೆ ಮಾಡು." ಒಂದು ಲಿವರನ್ನು ಆರು ಸಲ ಮಾಡಿಸಿದ್ದೀ. ಯಾವ ಕಾರಿಗೆ ಎಂಥ ಹಳದಿ, ಯಾವುದಕ್ಕೆ ಬರೀ ಬೂದು, ಯಾವುದರ ಹಳದಿಯಲ್ಲಿ ಎಣ್ಣೆ ಚೆಲ್ಲಿದಂತೆ ಸ್ವಲ್ಪ ಹಸಿರು, ಸ್ವಲ್ಪ ಕೆಂಪು, ಎಲ್ಲವನ್ನೂ ಮಾದರಿಗೆಂದು ತಗಡಿನ ತುಂಡುಗಳಿಗೆ ಹಾಕಿ, ತೂತು ಕೊರೆದು ದಾರಕ್ಕೆ ಪೋಣಿಸಿದೆವು. ನಿನ್ನ ಕಣ್ಣಿನ ಮೇಲೆ ನನಗೆ ನನ್ನ ಕೈಗಿಂತ ಹೆಚ್ಚು ನಂಬಿಕೆ ಇತ್ತು.

ಅಂಥ ನೀನು, ಹಾಲಸ್ವಾಮಿ!

ಸಾಹುಕಾರರ ಹಳೇ ಕಾರಿನ ಬ್ರೇಕ್ ಸ್ಪ್ರಿಂಗುಗಳ ಆ ಬುಧವಾರ ನನಗೆ ನಿನ್ನೆಯಷ್ಟೇ ನಡೆದಂತಿದೆ. ಉಕ್ಕಿನ ಸ್ಪ್ರಿಂಗು ಸತುವಿನ ತೊಟ್ಟಿಯಲ್ಲಿ ಅನಿಲ ಕುಡಿದು ಒಳಗೊಳಗೇ ಪೆಡಸಾಗುತ್ತದೆ, ಎಂಟು ತಾಸು ಓವನ್ನಿನಲ್ಲಿ ಕಾಯಿಸಿದರೆ ಮಾತ್ರ ಆ ದೋಷ ಹೋಗುತ್ತದೆ ಎಂದು ನನಗೆ ಕಲಿಸಿದವನೇ ನೀನು. ಕಾಯಿಸದಿದ್ದರೂ ನೋಡುವವರಿಗೆ ತಿಳಿಯುವುದಿಲ್ಲ. ಚಿನ್ನದ ಹಾಗೆಯೇ ಇರುತ್ತದೆ. ಒಂದು ದಿನ ಪಟ್ಟನೆ ಮುರಿಯುತ್ತದೆ. ಅಂದು ಬೆಳಿಗ್ಗೆ ಏಳಕ್ಕೆ ನಾನು ಸತು ಏರಿಸಿ, ಸ್ಪ್ರಿಂಗುಗಳನ್ನು ನಿನ್ನ ಕೈಗೆ ಕೊಟ್ಟು, ಆಸಿಡ್ ತರಲು ದಾವಣಗೆರೆಗೆ ಹೋದೆ. ನಾಲ್ಕಕ್ಕೆ ಬಂದೆ. ಸಾಹುಕಾರರು ತಾವೇ ಬಂದು ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಭಾನುವಾರ ಹಳೇ ಕಾರುಗಳ ಮೆರವಣಿಗೆ, ಗುರುವಾರ ಮೆಕ್ಯಾನಿಕ್ ಬರುತ್ತಾನೆ, ಇವತ್ತೇ ಬೇಕು ಎಂಬ ಹಟ. ನೀನು ತಟ್ಟೆ ನನ್ನ ಮುಂದೆ ಚಾಚಿ, "ಕಾಸೀನಿ ಸಾಬಣ್ಣ, ಹಳದಿ ಕೊಡು" ಅಂದೆ. ನಾನು ಹಳದಿ ನೀರಿಗೆ ಅದ್ದಿ ಬಣ್ಣ ಕೊಟ್ಟೆ. ಸಾಹುಕಾರರು ಬೆಳಕಿಗೆ ಹಿಡಿದು ನೋಡಿ, "ಏನ್ ಕೈರೀ ನಿಮ್ಮದು!" ಅಂದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇತುವೆ ಹತ್ತಿರ ನಿಂಗರಾಜ ಓಡಿಸುತ್ತಿದ್ದ ಆ ಕಾರು ಚೌಡವ್ವನ ಮೇಲೆ ಹೋಯಿತು. "ಬ್ರೇಕ್ ಒತ್ತಿದ್ದಷ್ಟೇ ಸಾಬ್ರೆ, ಗಾಡಿ ಯಾರೋ ಜಗ್ಗಿದಂಗೆ ಎಡಕ್ಕೆ ಎಳೀತು" ಎಂದು ನಿಂಗರಾಜ ಇವತ್ತಿಗೂ ಹೇಳುತ್ತಾನೆ. ಅವಳು ಪೇರಲ ಹಣ್ಣಿನ ಪುಟ್ಟಿ ಇಟ್ಟುಕೊಂಡು ರಸ್ತೆಯ ಅಂಚಿನಲ್ಲಿ ಕೂತಿದ್ದಳು. ಎಡ ಚಕ್ರದ ಡ್ರಮ್ಮು ಬಿಚ್ಚಿದಾಗ ಒಳಗೆ ಸ್ಪ್ರಿಂಗು ಎರಡು ತುಂಡು. ಹಳದಿ ಮಾತ್ರ ಎಲ್ಲೂ ಮಾಸಿರಲಿಲ್ಲ.

ಸಾಹುಕಾರರ ಪಡಸಾಲೆಯಲ್ಲಿ ಅವರು ಕರೆಸಿದ್ದ ಲೋಹಶಾಸ್ತ್ರದ ಮೇಷ್ಟ್ರು ಆ ತುಂಡು ನೋಡಿ, "ಇದನ್ನ ಕಾಸಿಲ್ಲ" ಎಂದರು. ಎಲ್ಲರೂ ನಮ್ಮಿಬ್ಬರನ್ನು ನೋಡಿದರು. ನಾನು ನಿನ್ನನ್ನು ನೋಡಿದೆ. ನೀನು ಟವೆಲಿನಿಂದ ಬಾಯಿ ಒರೆಸಿಕೊಂಡು, "ಲೇಪನದ ಕೆಲಸ ಎಲ್ಲ ಹಯಾತ್ ಸಾಬಂದೇ ರೀ. ನಾನು ಬರೇ ನೋಡಿ ಕಟ್ಟಿ ಕೊಡೋನು" ಎಂದೆ. ಹಯಾತ್ ಸಾಬ್ ಅಂದೆ. ಹದಿನಾಲ್ಕು ವರ್ಷ ಸಾಬಣ್ಣ ಅಂದವನು.

ನಾನು ಸುಮ್ಮನೆ ಎದ್ದು ಬಂದೆ. ನೀನು ಹಿಂದಿನಿಂದ ಬರುತ್ತೀಯೆಂದು ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದೆ.

ಆಮೇಲಿನದು ನಿನ್ನ ಕಿವಿಗೂ ಬಿದ್ದಿರಬೇಕು. ಶೆಡ್ಡಿಗೆ ಯಾರೂ ಬರಲಿಲ್ಲ. "ಅಲ್ಲಿ ಮಾಡಿಸಿದ ಬ್ರೇಕು" ಎಂದು ಊರಲ್ಲಿ ಮಾತಾಯಿತು. ತೊಟ್ಟಿಗಳನ್ನು ತೊಳೆದು ಮಗುಚಿ ಹಾಕಿದ್ದೇನೆ. ಸಾಹುಕಾರರ ಕಾರಿನ ಉಳಿದ ಸಾಮಾನು ಈಗ ನಿನ್ನ ಅಂಗಡಿಯಲ್ಲೇ ಆಗುತ್ತಿದೆಯಂತೆ. ಆಗಲಿ.

ಹೋದ ವಾರ ಚೌಡವ್ವನ ಮನೆಗೆ ಹೋಗಿದ್ದೆ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಗೋಡೆಗೆ ಒರಗಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ಕಂಡ ಕೂಡಲೇ, "ಬಾ ಸಾಬಣ್ಣ, ಕೂತ್ಕ. ಯಾಕ ಹಂಗೆ ನಿಂತಿ? ನೀನೇನ್ ಮಾಡಾಕಾಗುತ್ತೆ. ಗಾಡಿ ಹಳೇದು. ಹಳೇ ಗಾಡಿಗೆ ಏನ್ ತಿಳೀತೈತೆ" ಅಂದಳು. ಅಷ್ಟು ಜನರಲ್ಲಿ ನನ್ನ ಮೇಲೆ ತಪ್ಪು ಹೊರಿಸದವಳು ಅವಳೊಬ್ಬಳೇ. ಅವಳ ಮುಂದೆ ನನಗೆ ಕೂರಲಾಗಲಿಲ್ಲ.

ತಗಡುಗಳನ್ನು ನಿಂಗರಾಜನ ಕೈಲಿ ಕಳಿಸುತ್ತಿದ್ದೇನೆ. ಎಲ್ಲ ಇವೆ. ನಮ್ಮಾಕೆ ಸುಗ್ರಾಬಿ, "ಯಾಕ ಕೊಡ್ತೀರಿ, ತುಂಗಭದ್ರೆಗೆ ಎಸೀರಿ" ಎಂದಳು. ಎಸೆಯಲಾರೆ. ಒಳ್ಳೇ ಕೆಲಸ ಅದು, ನಿನ್ನ ಕಣ್ಣೂ ಅದರಲ್ಲಿದೆ. ಮನೆಯಲ್ಲಿ ಇಟ್ಟುಕೊಳ್ಳಲಂತೂ ಆಗುವುದಿಲ್ಲ. ಒಂದು ಮಾತು ಮಾತ್ರ ಕೇಳು. ಸ್ಪ್ರಿಂಗು ಬಂದರೆ ಯಾರು ಸ್ಟೂಲಿನ ಮೇಲೆ ಕೂತಿದ್ದರೂ ಎಂಟು ತಾಸು ಕಾಯಿಸು. ನನಗಾಗಿ ಬೇಡ, ರಸ್ತೆಯಲ್ಲಿ ಕೂತಿರುವವರಿಗಾಗಿ.

ಮೀನಾಕ್ಷಿಯ ಮಂಡಿನೋವು ಕಡಿಮೆಯಾಗಲಿ. ನಿನ್ನ ಮಕ್ಕಳು ಚೆನ್ನಾಗಿರಲಿ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿನಗೂ ಒಳ್ಳೆಯದಾಗಲಿ ಎಂದು ಬರೆಯಲು ಪೆನ್ನು ಹಿಡಿದು ತುಂಬ ಹೊತ್ತಾಯಿತು. ಆಗಲಿ.

ಇಂತಿ,
ಹಯಾತ್

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಆ ಬುಧವಾರ ನೀನು "ಕಾಸೀನಿ" ಅಂದ ಮೇಲೆ ನಾನು ಕೈ ತೊಳೆಯಲು ಹಿಂದಕ್ಕೆ ಹೋದೆನಲ್ಲ, ಹೋಗುವಾಗ ಓವನ್ನಿನ ಬಾಗಿಲಿಗೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ದಿನವಿಡೀ ಅದನ್ನು ಯಾರೂ ಹಚ್ಚಿರಲಿಲ್ಲ. ತಿರುಗಿ ನಿನ್ನ ಮುಖ ನೋಡಿದೆ, ನೀನು ತಲೆ ಎತ್ತಲಿಲ್ಲ. ಸಾಹುಕಾರರ ಎದುರು ನಿನ್ನನ್ನು ಸುಳ್ಳುಗಾರ ಮಾಡುವುದು ಹೇಗೆ ಎಂದುಕೊಂಡು, ಗೊತ್ತಿದ್ದೂ ಗೊತ್ತಿದ್ದೂ ಆ ಸ್ಪ್ರಿಂಗುಗಳನ್ನು ಹಳದಿ ನೀರಿಗೆ ಇಳಿಸಿದೆ. ಪಡಸಾಲೆಯಲ್ಲಿ ನಾನು ಬಾಯಿ ಬಿಡದೆ ಎದ್ದು ಬಂದದ್ದು ದೊಡ್ಡತನದಿಂದಲ್ಲ, ಹಾಲಸ್ವಾಮಿ. ಇದನ್ನು ನಿನಗೆ ಬರೆಯಲು ಎಂಟು ತಿಂಗಳು ಬೇಕಾಯಿತು. ಚೌಡವ್ವನಿಗೆ ಹೇಳಲು ನನ್ನಿಂದ ಇನ್ನೂ ಆಗಿಲ್ಲ.