ಕಿರೀಟದ ಮಣಿ ಬಿಚ್ಚಿದ ಅಣ್ಣನಿಗೆ

ಬಸಣ್ಣಾ, ನನ್ನ ಒಡಹುಟ್ಟಿದವನೇ, ಹೊಸಪೇಟೆಯ ನಾಟಕ ಡ್ರೆಸ್ ಅಂಗಡಿಯ ಧಣಿಯೇ, ಎದ್ದು ಕೂತು ಓದು! ಸುದ್ದಿ ಅಂಥದ್ದು!

ಎಮ್ಮಿಗನೂರಿನ ಆ ನಾಟಕ ನೆನಪಿದೆಯಾ? ಪಾರ್ಕಿನ್ಸನ್ ಕಾಯಿಲೆಗೆ ನಿನ್ನ ಕೈ ನಡುಗತೊಡಗಿ, ನಿನ್ನ ರಾಜನ ಪಾತ್ರ ನನಗೆ ಬಂದಿತ್ತು. ಹೊಸ ಗುಳಿಗೆಯಿಂದ ನಡುಕವೇನೋ ತಗ್ಗಿತ್ತು. ನಾನು ಬಣ್ಣ ಹಚ್ಚಿಕೊಂಡು, ನೀನು ಅಂಗಡಿಯಿಂದ ತಂದ ಡ್ರೆಸ್ ಪೆಟ್ಟಿಗೆ ತೆರೆದರೆ, ಕಿರೀಟದಲ್ಲಿ ಒಂದೇ ಒಂದು ಮಣಿಯಿಲ್ಲ! ಕೆಂಪು ಒಂದು ಚಹಾ ಲೋಟದಲ್ಲಿ, ಹಸಿರು ಇನ್ನೊಂದರಲ್ಲಿ, ಬಿಳಿ ಮತ್ತೊಂದರಲ್ಲಿ. ಬೋಳು ತಗಡು ಹೊತ್ತು ರಂಗಕ್ಕೆ ನುಗ್ಗಿದೆ. "ಏನ್ರೀ ಮಾರಾಜ್ರ, ಕಿರೀಟಾನ ಇಲಿ ತಿಂದ್ವೇನ್ರೀ?" ಎಂದ ಮುಂದಿನ ಸಾಲಿನವನೊಬ್ಬ. ಊರಿಗೂರೇ ನಕ್ಕಿತು.

ಪರದೆ ಬಿದ್ದೊಡನೆ ಇಡೀ ತಂಡದೆದುರು ನಾನು ಗುಡುಗಿದ್ದು... "ಪಾತ್ರ ಹೋತಂತ ಹೊಟ್ಟಿಕಿಚ್ಚೇನೋ ನಿನಗ?" "ಇಲ್ಲಲೇ ತಮ್ಮಾ, ಒಂದ್ ಎಳಿ ಸಡ್ಲ ಆಗಿತ್ತು. ಬಿಚ್ಚಿದೆ, ಪೋಣಿಸಿದೆ, ಮತ್ತ ಬಿಚ್ಚಿದೆ. ಬಿಡಾಕ ಆಗವಲ್ದು" ಎಂದೆ ನೀನು. ಯಾರು ನಂಬಿದರು? ಅಂದಿನಿಂದ ತಂಡ ನಿನ್ನನ್ನು ಕರೆಯಲಿಲ್ಲ. ಊಟ ಮರೆತು ಮಣಿ ಆರಿಸುತ್ತ ಕೂತಿದ್ದೀಯೆಂದು ಅತ್ತಿಗೆ ಅತ್ತಾಗಲೂ ನಾನು ಬರಲಿಲ್ಲ. ಬಂದದ್ದು ನಿನ್ನ ಮಣ್ಣಿಗೆ...

ಈಗ ಕೇಳು! ಹೋದ ವಾರ ನಾನೂ ದವಾಖಾನೆಗೆ ಹೋಗಿದ್ದೆ. ಹೌದು, ನನ್ನ ಬಲಗೈಗೂ ನಿನ್ನದೇ ನಡುಕ. ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು ಹೇಳಿದರು: "ಈ ಗುಳಿಗಿಯಿಂದ ಕೆಲವರಿಗೆ ಚಟ ಹತ್ತತೈತ್ರಿ. ಜೂಜು, ಖರೀದಿ, ಇಲ್ಲಾ ಒಂದ ಸಾಮಾನು ಬಿಚ್ಚೋದು, ಜೋಡಿಸೋದು. ಹಂಗೇನರ ಕಂಡ್ರ ನೀವ ಗುಳಿಗಿ ನಿಲ್ಲಿಸಬ್ಯಾಡ್ರಿ, ಜಲ್ದಿ ನನಗ ಹೇಳ್ರಿ, ಬದಲಿ ಮಾಡೋಣು." ಅಣ್ಣಾ! ಕುರ್ಚಿಯಿಂದ ಎಗರಿದೆ. ಮನೆಗೆ ಓಡಿ ನಿನ್ನ ಹಳೇ ಔಷಧಿ ಚೀಟಿ ತಂದು ಅವರ ಮೇಜಿನ ಮೇಲೆ ಬಡಿದೆ. "ಇದೇ ಗುಳಿಗಿ ಐತ್ರಿ. ಇದರಿಂದನ ಆಗಿರಬೇಕು" ಎಂದರು.

ಅತ್ತಿಗೆಗೆ ಹೇಳಿದಾಗ ಆಕೆ ನನ್ನ ತಲೆಗೊಂದು ಮೊಟಕಿದಳು. "ಅವ್ರು ಅಂಥೋರಲ್ಲಂತ ಅವತ್ತ ಬಡ್ಕೊಂಡೆ. ಕೇಳಿದೇನು ನೀ?" ನಕ್ಕಳು, ಮತ್ತೆ ಅತ್ತಳು.

ನಾಳೆ ಎಮ್ಮಿಗನೂರಿನಲ್ಲೇ ನಮ್ಮ ನಾಟಕ. ಶುರುವಾಗುವ ಮೊದಲು ಪರದೆಯ ಮುಂದೆ ಒಬ್ಬನೇ ನಿಂತು ಹೇಳುತ್ತೇನೆ: ನನ್ನಣ್ಣನಿಗೆ ಹೊಟ್ಟೆಕಿಚ್ಚಿರಲಿಲ್ಲ, ಗುಳಿಗೆ ಅವನನ್ನು ಹಿಡಿದು ಕೂರಿಸಿತ್ತು, ಕೇಳದೆ ಕೂಗಾಡಿದ ತಪ್ಪು ನನ್ನದು. ಆ ಮಾತಿಗೆ ಮೈಕ್ ಬೇಡವೆಂದಿದ್ದೇನೆ. ನೀನಿರುವಲ್ಲಿಗೆ ಕೇಳಿಸದಿದ್ದರೆ ನಾನೆಂಥ ನಟನೋ, ಅಣ್ಣಾ?