ಅಮ್ಮನ ಕೋಣೆಯ ಸೂರು

ಏಪ್ರಿಲ್ ೯

ಪ್ರೀತಿಯ ಪುಟ್ಟಿ,

ಮಗುವನ್ನು ಎತ್ತಿಕೊಂಡು ಬೇಸಿಗೆಗೆ ಬರುತ್ತೇನೆ ಅಂತ ಬರೆದಿದ್ದೀಯ. ಓದಿದ ಅಪ್ಪ ಕುಣಿಯುವುದೊಂದು ಬಾಕಿ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಬೇಡ ಕಣೇ, ಈಗಲೇ ಬರಬೇಡ. ಮುಖ ಊದಿಸಿಕೊಳ್ಳುವ ಮೊದಲು ಪೂರ್ತಿ ಓದು.

ಮಗುವಿಗೆ ಅಂತ ಅಮ್ಮನ ಕೋಣೆಯನ್ನೇ ಅಪ್ಪ ಗುಡಿಸಿ ಒರೆಸಿ ಇಟ್ಟಿದ್ದಾರೆ. ತಗಡಿನ ಸೂರು, ಪಶ್ಚಿಮದ ಗೋಡೆ. ಮಧ್ಯಾಹ್ನ ತಿರುಗಿದರೆ ಅದು ಕೋಣೆಯಲ್ಲ, ಒಲೆ. ಹೋದ ಬೇಸಿಗೆ ಅಮ್ಮ ಅಲ್ಲೇ ಹಾಸಿಗೆಯಲ್ಲಿ ಹೋದಾಗ, ಝಳ ಮನೆಯೊಳಗೇ ಬಡಿದಿದೆ ಅಂತ ಡಾಕ್ಟರು ನಮ್ಮೆಲ್ಲರ ಎದುರಿಗೇ ಹೇಳಿದರು. ಅಪ್ಪ ಇವತ್ತಿಗೂ ಅದು ವಯಸ್ಸಿನ ಸಾವು ಅನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರನ್ನು ಏನಂತ ಬೈಯಲಿ? ಜೀವಮಾನವಿಡೀ ಕಂಡವರ ಸೂರಿನ ಸೋರಿಕೆ ಮುಚ್ಚಿದ ಮನುಷ್ಯ, ತೂತು ಕಂಡರೆ ಕೈ ತುರಿಸುತ್ತದೆ. ಆ ಕೋಣೆಯ ಗೋಡೆಗೂ ತಗಡಿಗೂ ನಡುವಿದ್ದ ಸಂದಿಗೆ ಸಿಮೆಂಟು ಮೆತ್ತಿದ್ದು ಅವರೇ. ಗಾಳಿಗೆ ತಗಡು ಏಳಬಾರದು ಅಂತ ಗೋಡೆಗೆ ನೆರಳು ಕೊಡುತ್ತಿದ್ದ ಸೂರಿನ ಚಾಚನ್ನು ಗೋಡೆಯ ಅಂಚಿಗೇ ಕತ್ತರಿಸಿದ್ದೂ ಅವರೇ. ಒಂದು ತೊಟ್ಟು ನೀರು ಒಳಗೆ ಬರುವುದಿಲ್ಲ, ನಿಜ. ಕಾದ ಗಾಳಿ ಹೊರಗೂ ಹೋಗುವುದಿಲ್ಲ.

ಅಡುಗೆಮನೆಯನ್ನು ನಾನು ಹಠ ಹಿಡಿದು ಸರಿಮಾಡಿಸಿದೆ. ತಗಡಿನ ಮೇಲೆ ಒಂದು ಗೇಣು ಬಿಟ್ಟು ಜೊಂಡಿನ ಚಾಪೆಯ ಇನ್ನೊಂದು ಸೂರು, ಗೋಡೆಗೆ ಬಿಸಿಲು ತಾಗದಷ್ಟು ಉದ್ದದ ಚಾಚು, ಬಿಸಿಗಾಳಿ ಹೋಗಲು ಮೇಲೊಂದು ಸಂದು. ಈಗ ಅಡುಗೆ ಮಾಡುವಾಗಲೂ ಅಲ್ಲಿ ಕೂರಬಹುದು. ಟೀ ನೆಪದಲ್ಲಿ ಅಪ್ಪನ ಠಿಕಾಣಿಯೂ ಅಲ್ಲೇ. ಹೊಗಳಿದರೆ ಬಾಯಿ ಸವೆದುಹೋಗುತ್ತದಲ್ಲ, ಚಾಪೆ ವಾರೆಯಾಗಿದೆ ಅನ್ನುತ್ತಾರೆ.

ಅಮ್ಮನ ಕೋಣೆಗೂ ಹಾಗೇ ಮಾಡಿಸೋಣ ಅಂದರೆ ಮಾತ್ರ ಎದ್ದು ಹೋಗುತ್ತಾರೆ. ಮೊನ್ನೆಯಿಂದ ಹೊಸದೊಂದು ಶುರುವಾಗಿದೆ. ಉರಿಬಿಸಿಲಲ್ಲಿ ಆ ಕೋಣೆ ಹೊಕ್ಕು, ಬಾಗಿಲು ಹಾಕಿಕೊಂಡು, ಅಮ್ಮನ ಮಂಚದ ಮೇಲೆ ಮಲಗುತ್ತಾರೆ. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಬಂದು, ಮಲಗಿ ಎದ್ದೆನಲ್ಲ, ನನಗೇನಾಯಿತು ಅಂತ ಕೇಳುತ್ತಾರೆ. ನಿನ್ನೆ ಎಷ್ಟು ಕೂಗಿದರೂ ಓಗೊಡಲಿಲ್ಲ. ಬಾಗಿಲು ದೂಡಿ, ಮುಖಕ್ಕೆ ನೀರು ಚಿಮುಕಿಸಿ, ಅಡುಗೆಮನೆಗೆ ಎಳೆದು ತಂದೆ. ಕಣ್ಣು ಬಿಟ್ಟವರೇ ನಿದ್ದೆ ಕೆಡಿಸಿದೆ ಅಂತ ನನ್ನ ಮೇಲೇ ರೇಗಿದರು. ನನಗೆ ಭಯವಾಗುತ್ತಿದೆ ಪುಟ್ಟಿ.

ನಾಳೆ ಗಾರೆಯವನನ್ನು ಕರೆಸಿದ್ದೇನೆ. ಅಪ್ಪ ಏನೇ ಅನ್ನಲಿ, ಆ ಸಿಮೆಂಟು ಒಡೆಸುತ್ತೇನೆ. ಆಮೇಲೆ ಮಗುವಿನ ಜೊತೆ ಬಾ, ಎಷ್ಟು ದಿನ ಬೇಕಾದರೂ ಇರು.

ನಿನ್ನ ಮೇಲೆ ಇನ್ನೂ ದರ್ಬಾರು ನಡೆಸುವ,
ಅಕ್ಕ

ತಾ.ಕ.: ಪತ್ರವನ್ನು ನಿನ್ನೆ ಅಂಚೆಗೆ ಹಾಕಲಾಗಲಿಲ್ಲ. ಇವತ್ತು ಗಾರೆಯವನು ಏಣಿ ಹತ್ತಿ ಉಳಿ ಇಡುತ್ತಿದ್ದಂತೆ ಅಪ್ಪ ಏಣಿಯನ್ನು ತಬ್ಬಿಕೊಂಡು ಅತ್ತುಬಿಟ್ಟರು. ಅಮ್ಮ ಹೋದಾಗಲೂ ಅವರು ಅತ್ತಿರಲಿಲ್ಲ. ಆ ಸಂದು ತೆರೆದಿದ್ದರೆ ಅವಳು ಉಳಿಯುತ್ತಿದ್ದಳು ಅಂತ ಅವತ್ತೇ ಗೊತ್ತಾಗಿತ್ತಂತೆ. ಈಗ ಒಡೆದ ಮೇಲೆ ಕೋಣೆ ತಂಪಾಗಿಬಿಟ್ಟರೆ ನಾನು ಹೇಗೆ ಬದುಕಲಿ ಅಂದರು. ಗಾರೆಯವನನ್ನು ವಾಪಸು ಕಳಿಸಿದೆ. ಮಗುವನ್ನು ಅಲ್ಲೇ ಬಿಟ್ಟು ನೀನೊಬ್ಬಳೇ ಬೇಗ ಬಾ. ಕೋಣೆಗೆ ಬೀಗ ಹಾಕಿದ್ದೇನೆ. ಅಪ್ಪ ಬೀಗದ ಕೈ ಹುಡುಕುತ್ತಿದ್ದಾರೆ.