ಬಳುವಳಿಯ ಯಾದಿ

ಹಳಿಯಾಳ, ೬ ಮಾರ್ಚ್ ೧೯೩೮, ರವಿವಾರ

ಹನ್ನೆರಡು ಪೇಪರು ತಿದ್ದಿದೆ. ಎರಡರಲ್ಲಿ ಮಾತ್ರ ಕನ್ನಡ ಸಿಕ್ಕಿತು. ಆಮೇಲೆ ಪದ್ಯ. ಊರ ಕೆರೆಗೆ ನೂರು ವರ್ಷ; ಕಟ್ಟಿಸಿದ ದೇಸಾಯರ ಹೆಸರಿನಲ್ಲಿ ಕಲ್ಲು ನಿಲ್ಲಿಸುತ್ತಾರೆ, ಮೇಲೆ ನನ್ನ ಸಾಲು. ‘ಕೆರೆಯ ಕಟ್ಟಿದ ದೊರೆಯೆ, ನಿನ್ನ ಉಪಕಾರ ಮರೆಯೆ.’ ಪ್ರಾಸ ತಾನಾಗಿ ಬಿತ್ತು. ಆಧಾರಕ್ಕೆ ಇರಲೆಂದು ದೇಸಾಯರ ವಾಡೆಯಿಂದ ಹಳೆಯ ಕಾಗದದ ಗಂಟು ತಂದಿದ್ದೇನೆ.

೯ ಮಾರ್ಚ್, ಮಧ್ಯಾಹ್ನ

ಗಂಟಿನಲ್ಲಿ ದೇಸಾಯರ ಮಗಳ ಮದುವೆಯ ಬಳುವಳಿ ಯಾದಿ. ‘ತಾಮ್ರದ ಹಂಡೆ ಎರಡು. ಕರೆಯುವ ಎಮ್ಮೆ ಒಂದು. ಸಿದ್ದಿ ಹುಡುಗಿ ದುಮಿಂಗಿ, ಗೋವೆಯಿಂದ ತಂದದ್ದು, ಎಡಹುಬ್ಬಿನ ಮೇಲೆ ಗಾಯ.’ ಎಮ್ಮೆಯ ಗುರುತು ಬರೆದಿಲ್ಲ. ಅದು ಓಡಿಹೋಗುವುದಿಲ್ಲವಲ್ಲ...

ಗಟ್ಟಿಯಾಗಿ ಓದಿಬಿಟ್ಟಿದ್ದೆ. ಕೊಟ್ಟಿಗೆ ಬಳಿಯುತ್ತಿದ್ದ ಶಂಕ್ರವ್ವ — ನಮ್ಮ ಮನೆಯ ಸಿದ್ದಿ ಮುದುಕಿ — ಎದ್ದು ಬಂದಳು.

“ದುಮಿಂಗಿ ನಮ್ಮ ಮುತ್ತಜ್ಜಿರೀ, ಧಣ್ಯಾರ. ಎಲ್ಲಿಂದ ಬಂದ್ಲು ಅಂತ ಯಾರೂ ಹೇಳಿದ್ದಿಲ್ಲ. ಗೋವಾ ಏನ್ರಿ?”

ಎರಡು ಸಲ ಓದಿಸಿಕೊಂಡಳು.

೧೩ ಮಾರ್ಚ್

ಅಂದಾನೆಪ್ಪನ ಅಂಗಡಿಯಲ್ಲಿ ಕಲ್ಲು ನಿಲ್ಲಿಸುವ ಕಮಿಟಿ. ಕಾಗದ ತೋರಿಸಿದೆ.

“ಆ ಕಾಲ ಹಂಗಿತ್ರೀ ಮಾಸ್ತರ. ಈಗಿನ ಕಣ್ಣೀಲೆ ನೋಡಿದ್ರ ನಮ್ಮ ಅಜ್ಜಗೋಳೆಲ್ಲಾ ಜೇಲಿನ್ಯಾಗ ಇರಬೇಕಾಕ್ಕೈತಿ,” ಎಂದ ಅಂದಾನೆಪ್ಪ.

“ಇರಲಿ ಬಿಡ್ರಿ. ಸತ್ತವರಿಗೆ ಊಟದ ಖರ್ಚಿಲ್ಲ,” ಎಂದೆ.

“ಮತ್ತ ಆ ಕೆರಿ ನೀರು ಕುಡಿಯೂದು ಬಿಟ್ಟೀರೇನು?”

ಉತ್ತರಕ್ಕೆ ಬದಲು ಪ್ರಾಸ ಹೊಳೆಯಿತು: ‘ಕೆರೆಯ ಹೆಸರು ನಿನಗೆ, ದೊರೆಯೆ, ಮಣ್ಣು ಹೊತ್ತವರ ಬೆನ್ನಿಗೆ ಬರೆಯೆ?’ ಯಾರೂ ನಗಲಿಲ್ಲ. ಪದ್ಯ ಬರೆಯುವುದಿಲ್ಲ ಎಂದು ಎದ್ದುಬಂದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಭಾರೀ ಗೌರವ.

೨೧ ಏಪ್ರಿಲ್

ಮಗಳ ಮದುವೆಗೆ ವಾರ ಉಳಿದಿದೆ. ಇಂದೂರು ಹಳ್ಳಿಯ ಬೀಗರು ಅಡಿವೆಯ್ಯನವರು ಹೇಳಿಕಳಿಸಿದ್ದಾರೆ, ಕೆಲಸಕ್ಕೆ ಒಬ್ಬಳು ಜೊತೆಗೆ ಬರಲಿ ಎಂದು.

“ಶಿವವ್ವನ್ನ ಕಳಸೂಣು,” ಎಂದಳು ಹೆಂಡತಿ ಗಿರಿಜಾಬಾಯಿ. ಶಿವವ್ವ ಶಂಕ್ರವ್ವನ ಒಬ್ಬಳೇ ಮಗಳು. ಇಪ್ಪತ್ತು ವರ್ಷ.

“ಅಕಿ ಏನು ಹಂಡೆ ಏನ?”

“ನಾ ಲಗ್ನಾಗಿ ಬರೂಮುಂದ ಶಂಕ್ರವ್ವ ನನ್ನ ಸಂಗಾಟ ಬರಲಿಲ್ಲೇನು? ಆವಾಗ ನಿಮಗ ಕಣ್ಣು ಇರಲಿಲ್ಲೇನ್ರಿ?”

ಇದ್ದವು. ಬಿಸಿನೀರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಶಂಕ್ರವ್ವ ಬಾಗಿಲಲ್ಲಿ ನಿಂತಿದ್ದಳು. “ನನಗ ಕಣ್ಣು ಕಾಣವಲ್ವು, ಧಣ್ಯಾರ. ಅಕಿ ಹೋದ್ರ ನನಗ ಯಾರು? ಒಂದು ಮಾತು ಹೇಳ್ರಿ.”

“ನೋಡೂಣು” ಎಂದೆ.

೨೮ ಏಪ್ರಿಲ್

ಮದುವೆ ಮುಗಿಯಿತು. ಮಗಳ ಬಳುವಳಿ ಯಾದಿ ಬರೆಯಲು ಕುಳಿತೆ. ಗಿರಿಜಾಬಾಯಿ ಹೇಳಿದಳು, ನಾನು ಬರೆದೆ. ಶಿವವ್ವನ ಹೆಸರು ಬಂದಾಗ ಪೆನ್ನು ಇಟ್ಟೆ.

“ಮನುಷ್ಯಾರನ್ನ ಯಾದಿಯೊಳಗ ಬರಿಯೂದಿಲ್ಲ ನಾ.”

“ಬರೀಬ್ಯಾಡ್ರಿ. ಗಾಡ್ಯಾಗ ಕುಂದ್ರಾಕ ಯಾದಿ ಬೇಕೇನು?”

ಬರೆಯಲಿಲ್ಲ. ಸಹಿ ಮಾಡಿದೆ. ಶಿವವ್ವ ಗಾಡಿಯ ಹಿಂದೆ, ಹಾಸಿಗೆ ಸುರುಳಿಗೆ ಒರಗಿ ಹೋದಳು. ತಾಯಿ ಕೂಗಿದ ಕಡೆಗೆ ತಿರುಗಿ ನೋಡಿದಳು... ತಾಯಿಗೆ ಕಾಣಿಸಿರಲಿಕ್ಕಿಲ್ಲ.

೧ ಅಕ್ಟೋಬರ್

ದಸರೆಗೆ ಮಗಳನ್ನು ಕರೆತರಲು ಇಂದೂರಿಗೆ ಹೋಗಿದ್ದೆ. ಶಿವವ್ವ ಅಲ್ಲಿಲ್ಲ.

ಮಗಳು ತಲೆ ಎತ್ತಲಿಲ್ಲ. “ಶ್ರಾವಣದಾಗ ಮಾವಾರು ಯಾರದೋ ಗಾಡಿ ಮ್ಯಾಲೆ ಕಳಿಸಿದ್ರಪ್ಪಾ. ಘಟ್ಟದ ಕೆಳಗಂತ. ಕೂಗ್ಯಾಡಿ ಹೋದ್ಲು.”

ಅಡಿವೆಯ್ಯನವರನ್ನು ಕೇಳಿದೆ. ಒಳಗಿಂದ ಯಾದಿ ತಂದು ನನ್ನ ಮುಂದೆ ಹಾಸಿದರು.

“ಹಂಡೆ ನೋಡ್ಕೋರಿ, ಬೀಗರ. ಎಲ್ಲಾ ಅದಾವು. ನಿಮ್ಮ ಅಕ್ಷರಾನ ಐತಿ. ಶಿವವ್ವ ಅನ್ನಾಕಿ ಎಲ್ಲಿದಾಳ ಇದರಾಗ?”

ಎಲ್ಲಿಯೂ ಇಲ್ಲ. ಮುಂದೆ ಯಾರಾದರೂ ನನ್ನನ್ನೂ ದೇಸಾಯರನ್ನೂ ತೂಗಿ ನೋಡಿದರೆ, ನನ್ನ ಕಾಗದ ಅವರದಕ್ಕಿಂತ ಸ್ವಚ್ಛ.

೩ ಅಕ್ಟೋಬರ್, ಬೆಳಿಗ್ಗೆ

ಸುದ್ದಿ ಕೇಳಿ ಶಂಕ್ರವ್ವ ಪಡಸಾಲೆಗೆ ಬಂದು ಕುಳಿತಿದ್ದಾಳೆ. ಇಷ್ಟು ವರ್ಷದಲ್ಲಿ ಮೊದಲ ಸಲ.

“ಫೌಜದಾರಗ ಅರ್ಜಿ ಬರೀರಿ. ಹೆಂಗ ಹೋದ್ಲು, ಯಾರು ಕಳಿಸಿದ್ರು, ಎಲ್ಲಾ ಬರೀರಿ.”

“ಬರದ್ರ ಮಗಳ ಸಂಸಾರ ಹೋತು,” ಒಳಗಿಂದ ಗಿರಿಜಾಬಾಯಿ. “ಮೊದಲ ಬೇಡಿ ನಿಮ್ಮ ಕೈಗೇ ಬೀಳ್ತಾವ.”

ಬೀಳಲಿ ಎಂದು ಬಾಯಲ್ಲಿ ಬಂತು. ಕಾಗದ ತೆಗೆದೆ. ಮೊದಲು ಇಲ್ಲಿ ಕರಡು —

ಮೇಹರಬಾನ ಫೌಜದಾರ ಸಾಹೇಬರ ಸೇವೆಗೆ. ಶಿವವ್ವ ಎಂಬವಳನ್ನು ಕಳೆದ ಏಪ್ರಿಲಿನಲ್ಲಿ ನಾನೇ ಖುದ್ದಾಗಿ ನನ್ನ ಮಗಳ ಜೊತೆ

“ಯಾಕ ನಿಂತ್ರಿ, ಧಣ್ಯಾರ? ಪೆನ್ನಿನ ಸಪ್ಪಳ ಕೇಳವಲ್ದು.”